ಒದ್ದೆ ಕಾಗದದ ಮೇಲಿನ ಹಳದಿ ಕಲೆ

ಮಗಳನ್ನು ಮಣ್ಣು ಮಾಡಿದ ವಾರದೊಳಗೇ ಅಕ್ಕ ಸಿರುಗುಪ್ಪದಿಂದ ಬಸ್ಸು ಹತ್ತಿ ಬಳ್ಳಾರಿಗೆ ಬಂದಳು. ಎಪ್ಪತ್ತರ ದಶಕದ ಕೊನೆ. ಕಂಟೋನ್ಮೆಂಟಿನ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಚೀಲದಿಂದ ಜೋಳದ ಹಿಟ್ಟು, ಬೆಲ್ಲ, ಖಾರದ ಪುಡಿ, ತಲೆಗೆ ಹಚ್ಚುವ ಎಣ್ಣೆಯ ತಗಡಿನ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಕೂಸು ಅವತ್ತು ಮುಟ್ಟಿದ್ದೆಲ್ಲಾ ತಂದೀನಿ. ಯಾವುದು ತಿಂತು ನನ್ನ ಮಗಳನ್ನ, ನೋಡಿ ಹೇಳವ್ವಾ."

ಹುಡುಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು ಆಡಲು ಹೋದವಳು, ಮಧ್ಯಾಹ್ನಕ್ಕೆ ಬಾಯಲ್ಲಿ ಜೊಲ್ಲು ಸುರಿಸುತ್ತಾ ನಡುಗತೊಡಗಿದಳು. ಬಳ್ಳಾರಿಯ ಆಸ್ಪತ್ರೆಗೆ ತರುವ ದಾರಿಯಲ್ಲೇ ಉಸಿರು ನಿಂತಿತ್ತು. ಡಾಕ್ಟರು ವಿಷವೆಂದರು. ಅಕ್ಕನ ಅತ್ತೆ, "ಅಡಿಗಿ ಮಾಡಿದಾಕಿ ನೀನ ಅಲ್ಲೇನು?" ಎಂದು ಎಲ್ಲರೆದುರು ಕೇಳಿದರು.

ಸಾಹೇಬರ ಅಪ್ಪಣೆ ಪಡೆದು ನಾನೇ ಪರೀಕ್ಷೆಗೆ ಕೂತೆ. ಹಿಟ್ಟಿನಲ್ಲಿ, ಬೆಲ್ಲದಲ್ಲಿ, ಖಾರದಲ್ಲಿ ಏನೂ ಸಿಗಲಿಲ್ಲ. ಎಣ್ಣೆಯಿಂದ ಬೇರ್ಪಡಿಸಿದ ಸತ್ವಕ್ಕೆ ಕ್ಷಾರ ಬೆರೆಸಿ ಕಾಯಿಸಿದೆ. ಅದರ ಹನಿಯನ್ನು ಒದ್ದೆ ಕಾಗದದ ಪಟ್ಟಿಗೆ ಮುಟ್ಟಿಸಿ, ಎರಡೂ ತುದಿಗೆ ಕರೆಂಟು ಕೊಟ್ಟೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಪ್ಯಾರಾಥಿಯಾನನ್ನೂ ಹಾಗೇ ಕಾಯಿಸಿ ಪಕ್ಕದಲ್ಲಿ ಇಟ್ಟಿದ್ದೆ. ಎರಡು ಹಳದಿ ಕಲೆಗಳು ಜೋಡಿಯಾಗಿ ಕರೆಂಟಿನ ಪ್ಲಸ್ ತುದಿಯ ಕಡೆ ಸರಿಯುತ್ತಾ ಹೋದವು. ಎಣ್ಣೆಯಲ್ಲಿದ್ದುದೂ ಅದೇ ವಿಷ. ಎಣ್ಣೆ ಹಚ್ಚಿದವಳು ಅಕ್ಕನೇ ಇರಬೇಕೆಂದುಕೊಂಡಿದ್ದ ನನ್ನ ಮನಸ್ಸು, ಇದು ತಪ್ಪಾಗಿರಲಿ ಎಂದು ಬೇಡುತ್ತಿತ್ತು. ಸಾಹೇಬರು ಆ ಕಲೆಯನ್ನೂ ಸ್ವಲ್ಪ ಎಣ್ಣೆಯನ್ನೂ ಹೈದರಾಬಾದಿಗೆ ಒಯ್ದು, ಅಣುವಿನ ತೂಕ ಹಿಡಿಯುವ ದೊಡ್ಡ ಯಂತ್ರದಲ್ಲಿ ನೋಡಿಸಿಕೊಂಡು ಬಂದರು. "ಅದ ವಿಷ ಐತ್ರೀ," ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು.

ಅಕ್ಕನನ್ನು ಕರೆಸಿ ಹೇಳಿದೆ. ತಗಡಿನ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಅದು ಭತ್ತಕ್ಕ ಹೊಡಿಯೋ ಔಷಧದ ಡಬ್ಬಿ. ಮುಚ್ಚಳ ಗಟ್ಟಿ ಐತಿ ಅಂತ ಅತ್ತಿ ಬೂದಿ ಹಾಕಿ ತಿಕ್ಕಿ, ಎಣ್ಣಿ ತುಂಬಿಟ್ಟಿದ್ರು. ಅವತ್ತು ಮೊದಲ್ನೇ ಸಲ ಅದನ್ನ ಕೂಸಿನ ತಲಿಗೆ ಹಚ್ಚಿ ಜಡಿ ಹಾಕಿದೋರೂ ಅವರ." ಆಮೇಲೆ ನನ್ನ ಕೈ ಹಿಡಿದಳು. "ಅವರ ಮುಂದ ಹೇಳಬ್ಯಾಡ. ನನ್ನ ಆಣಿ ಐತಿ ನಿನಗ."

ಭಾವನಿಗೆ ಮಾತ್ರ ಹೇಳಿದಳು. ಮನೆಯಲ್ಲಿದ್ದ ಅಂಥ ಡಬ್ಬಿಗಳನ್ನೆಲ್ಲ ಅವರು ಜಜ್ಜಿ ದೂರ ಹೂತು ಬಂದರು.

ಮರುವರ್ಷ ಸಿರುಗುಪ್ಪಕ್ಕೆ ಹೋದಾಗ ಅತ್ತೆ ಹಿತ್ತಲಲ್ಲಿ ಬೇರೆ ಒಲೆ ಹೂಡಿ ತಮ್ಮ ರೊಟ್ಟಿ ತಾವೇ ಬಡಿಯುತ್ತಿದ್ದರು. "ನಿಮ್ಮಕ್ಕನ ಕೈಯಾಂದು ನನಗ ಬ್ಯಾಡವ್ವಾ," ಎಂದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದಳು.

ಅಕ್ಕ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ಕೇಳಿದೆ, "ಎಷ್ಟು ದಿನ ಹಿಂಗ ಅನಿಸ್ಕೊಂತಿ?"

"ಕೂಸಿನ್ನ ಎತ್ತಿ ಬೆಳೆಸಿದೋರು ಅವರ. ಗೊತ್ತಾದ್ರ ಉಳೀತಾರೇನು?"

ಅತ್ತೆ ಇನ್ನೂ ಹಲವು ವರ್ಷ ಬದುಕಿದರು. ಕೊನೆಯ ದಿನ ಅಕ್ಕ ಬಾಯಿಗೆ ನೀರು ಬಿಡಲು ಹೋದರೆ ಮುಖ ಗೋಡೆಯ ಕಡೆ ತಿರುಗಿಸಿದರಂತೆ. ಇದನ್ನು ಹೇಳುವಾಗ ಅಕ್ಕನ ಕಣ್ಣು ಒಣಗಿತ್ತು. "ಅವರು ಏನೂ ತಿಳೀದ ಹೋದ್ರು. ಅಷ್ಟ ಸಾಕು," ಎಂದಳು.