ಅಂಗೈ ಎಲೆಗಳ ಗೋಡೆ

ಪಕ್ಕದ ಸೈಟಿನಲ್ಲಿ ಹೊಸ ಮನೆ ಏಳುತ್ತಿದೆ. ಮೊನ್ನೆ ಗಿಲಾವು ಮುಗಿಸಿದರು. ಬೆಳಿಗ್ಗೆ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಾರೆ. ನೆನೆದ ಸಿಮೆಂಟಿನ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದಾಗ, ಒಲೆಯ ಮುಂದೆ ನಿಂತಿದ್ದ ನನಗೆ ಅಜ್ಜಿಯ ನೆನಪು ಬಂತು. ನನ್ನ ಅಜ್ಜಿಯಲ್ಲ. ನನ್ನ ಮಕ್ಕಳ ಅಜ್ಜಿ. ನನ್ನ ಗಂಡನ ಮೊದಲ ಹೆಂಡತಿಯನ್ನು ಹೆತ್ತವರು.

ನಾಗಮಂಗಲದಿಂದ ನಾನು ಪಾಂಡವಪುರದ ಈ ಮನೆಗೆ ಬಂದಾಗ ನನಗೆ ಮೂವತ್ತು ದಾಟಿತ್ತು. ಕಾಯಿಲೆಯ ಅಪ್ಪನ ಆರೈಕೆ ಮಾಡುತ್ತಲೇ ವಯಸ್ಸು ಕಳೆದುಹೋಗಿ, ಇನ್ನು ಮದುವೆಯೇ ಇಲ್ಲವೇನೋ ಅಂದುಕೊಂಡಿದ್ದೆ. ನನ್ನ ಗಂಡನದು ಮರಗೆಲಸ. ಬಾಗಿಲು, ಕಿಟಕಿ, ಮಂಚ ಮಾಡುವ ಸಣ್ಣ ಶೆಡ್ಡು ಮನೆಯ ಹಿಂದೆಯೇ ಇತ್ತು. ಅವರ ಮೊದಲ ಹೆಂಡತಿ ಒಂದು ಜ್ವರಕ್ಕೆ ಹೋಗಿಬಿಟ್ಟಿದ್ದರು. ಇಬ್ಬರು ಮಕ್ಕಳು. ದೊಡ್ಡವಳು ಆಗ ನಾಲ್ಕನೇ ಕ್ಲಾಸು. ಚಿಕ್ಕವನು ಇನ್ನೂ ಅಂಗನವಾಡಿ. ನಾನು ಬಂದ ತಿಂಗಳಲ್ಲೇ ಚಿಕ್ಕವನು ನನ್ನನ್ನು ಅಮ್ಮ ಅನ್ನತೊಡಗಿದ. ದೊಡ್ಡವಳು ಏನೂ ಅನ್ನುತ್ತಿರಲಿಲ್ಲ. ನೀರು ಬೇಕಾದರೆ ಎದ್ದು ಹೋಗಿ ತಾನೇ ಕುಡಿಯುತ್ತಿದ್ದಳು.

ಮಕ್ಕಳ ತಾಯಿ ಬಹಳ ಕೈಚಳಕದವರಾಗಿದ್ದಿರಬೇಕು. ಹೆಜ್ಜೆ ಇಟ್ಟಲ್ಲೆಲ್ಲ ಅವರ ಕೆಲಸವೇ ಕಾಣುತ್ತಿತ್ತು. ಹಳೇ ಸೀರೆಯ ಅಂಚು ಬಿಡಿಸಿ ಬಾಗಿಲಿಗೆ ತೋರಣ ಮಾಡಿದ್ದರು. ಎಣ್ಣೆ ಡಬ್ಬಗಳಿಗೆ ಬಣ್ಣ ಹಚ್ಚಿ ಕಿಟಕಿಯಲ್ಲಿ ಮನಿ ಪ್ಲಾಂಟು ಬೆಳೆಸಿದ್ದರು. ಮಕ್ಕಳು ಮಲಗುವ ಕೋಣೆಯಲ್ಲಂತೂ ಒಂದಿಡೀ ಗೋಡೆಯ ತುಂಬ ಮರ ಬರೆದಿದ್ದರು. ಶೆಡ್ಡಿನಲ್ಲಿ ಉಳಿದ ಕಂದು ಬಣ್ಣದಲ್ಲಿ ಕಾಂಡ, ಕೊಂಬೆ. ಎಲೆಗಳೆಲ್ಲ ಅಂಗೈ ಗುರುತು. ಮಕ್ಕಳ ಕೈಗೆ ಹಸಿರು ಬಣ್ಣ ಹಚ್ಚಿ ಗೋಡೆಗೆ ಒತ್ತಿಸಿದ್ದರು. ಚಿಕ್ಕವನ ಕೈ ಆಗ ಎಷ್ಟು ಪುಟ್ಟದಾಗಿತ್ತೆಂದರೆ ಹುಣಸೆ ಎಲೆಯ ಹಾಗೆ... ಕೆಳಗಿನ ಕೊಂಬೆಯಲ್ಲಿ, ದೊಡ್ಡವಳಿಗೆ ಎಟಕುವ ಎತ್ತರದಲ್ಲಿ, ತಾಯಿಯ ಅಂಗೈ ಇತ್ತು. ಸ್ಕೂಲಿಗೆ ಹೊರಡುವ ಮುಂಚೆ ದೊಡ್ಡವಳು ಅದರ ಮೇಲೆ ತನ್ನ ಕೈ ಇಟ್ಟು ಹೋಗುತ್ತಿದ್ದಳು. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಳು.

ನಾನು ಆ ಮನೆಯಲ್ಲಿ ಒಂದು ಲೋಟವನ್ನೂ ಜಾಗ ಬದಲಿಸಲಿಲ್ಲ. ಎದುರು ಮನೆಯಾಕೆ ಮೊದಲ ವಾರವೇ ಬಂದು, ಒಳ್ಳೆಯ ಮಾತು ಹೇಳುವವರ ಹಾಗೆ ಹೇಳಿಹೋಗಿದ್ದರು: "ಏನ್ ಬೇಕಾರೂ ಮಾಡ್ಕೊ ಕಣಮ್ಮ, ಆ ಗೋಡೆ ತಂಟೆಗ್ ಮಾತ್ರ ಓಗ್ಬೇಡ."

ಅಜ್ಜಿ ಕೆ.ಆರ್. ಪೇಟೆ ಕಡೆಯವರು, ಗೋವಿಂದನಹಳ್ಳಿಗೆ ಹತ್ತಿರದ ಊರು. ಅವರ ಯಜಮಾನರು ಅಕ್ಕಸಾಲಿಗರಾಗಿದ್ದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೊಮ್ಮಕ್ಕಳನ್ನು ನೋಡಲು ಬರುತ್ತಿದ್ದರು. ಕುಳ್ಳಗೆ, ಗಟ್ಟಿಯಾಗಿದ್ದ ಹೆಂಗಸು. ಬಂದವರು ತಂಬಿಟ್ಟಿನ ಡಬ್ಬ ಕೆಳಗಿಟ್ಟು ಮನೆಯನ್ನೆಲ್ಲ ಒಂದು ಸುತ್ತು ನೋಡುವರು. ನನ್ನ ಕಡೆಗೂ ನೋಡುವರು. ಕೆಟ್ಟ ಮಾತು ಒಂದೂ ಆಡಲಿಲ್ಲ. ಆದರೂ ಅವರು ವಾಪಸು ಬಸ್ಸು ಹತ್ತುವ ತನಕ ನನ್ನ ಬೆನ್ನು ಸೆಟೆದುಕೊಂಡೇ ಇರುತ್ತಿತ್ತು. ಮಗಳ ಜಾಗದಲ್ಲಿ ಬಂದು ನಿಂತವಳನ್ನು ಯಾವ ತಾಯಿ ತಾನೇ...

ಎರಡನೇ ಮಳೆಗಾಲದಲ್ಲಿ ಆ ಗೋಡೆ ಬೆವರತೊಡಗಿತು. ಆಚೆ ಬದಿಗೆ ಬಚ್ಚಲುಮನೆ. ಗೋಡೆಯೊಳಗಿನ ಪೈಪು ಎಲ್ಲೋ ಸೋರುತ್ತಿತ್ತು. ಬುಡದಲ್ಲಿ ಅಂಗೈಯಗಲ ಇದ್ದ ತೇವ ಕಾಂಡಕ್ಕೇರಿತು, ಕೊಂಬೆಗೆ ಹಬ್ಬಿತು. ಹಸಿರು ಎಲೆಗಳ ನಡುವೆ ಕಪ್ಪು ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹುಟ್ಟಿತು. ಕೋಣೆಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದ ವಾಸನೆ.

ಅದೇ ಹೊತ್ತಿಗೆ ಚಿಕ್ಕವನಿಗೆ ಕೆಮ್ಮು ಹಿಡಿಯಿತು. ಕೆಮ್ಮು ಹೋಗಿ ಉಬ್ಬಸವಾಯಿತು. ಮಲಗಿದರೆ ಅವನ ಎದೆಯೊಳಗೆ ಸಣ್ಣ ಪೀಪಿ ಊದಿದಂಥ ಸದ್ದು. ಡಾಕ್ಟರು ಔಷಧಿ ಬರೆದುಕೊಟ್ಟು, ಮನೆಯಲ್ಲಿ ಬೂಷ್ಟು ಇದೆಯೇ ಎಂದು ಕೇಳಿದರು. ಇದೆ ಎಂದೆ. ಅದನ್ನು ಮೊದಲು ತೆಗೆಸಿ, ಔಷಧಿ ಆಮೇಲೆ, ಎಂದರು. ನಾವು ಅವನನ್ನು ನಡುಮನೆಯಲ್ಲಿ ಮಲಗಿಸಿದೆವು. ಅವನು ಬೆಳಗಾಗುವಷ್ಟರಲ್ಲಿ ಅಕ್ಕನ ಪಕ್ಕ ಹೋಗಿ, ಆ ಮರದ ಕೆಳಗೇ ಮಲಗಿರುತ್ತಿದ್ದ.

ನಮ್ಮ ಮನೆಯವರು ಗಾರೆಯವನನ್ನು ಕರೆಸಿದರು. ಅವನು ಗೋಡೆಯನ್ನು ಬೆರಳ ಗಿಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಿದ. "ಗಿಲಾವೆಲ್ಲಾ ಪೊಳ್ಳಾಗೋಗದೆ ಸಾ. ಪೂರ್ತಿ ಕೆತ್ತಿ, ಪೈಪು ಬದ್ಲಾಯ್ಸಿ, ಒಸದಾಗೇ ಮಾಡ್ಬೇಕು."

ದೊಡ್ಡವಳು ಸ್ಕೂಲಿನ ಬ್ಯಾಗು ಹೆಗಲಲ್ಲಿದ್ದ ಹಾಗೇ ಓಡಿಬಂದು ಗೋಡೆಗೆ ಬೆನ್ನು ಕೊಟ್ಟು, ಕೈ ಅಗಲಿಸಿ ನಿಂತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವಳಪ್ಪ ಮಂಡಿಯೂರಿ ಕುಳಿತು, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳೋಣ, ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಮಾಡಿಸಿಕೊಡುತ್ತೇನೆ, ಎಂದು ಬೇಡಿಕೊಂಡರು.

"ಫೋಟೋನ ಮುಟ್ಟಕ್ಕಾಗುತ್ತಾ?" ಎಂದಳು.

ಅವಳಪ್ಪ ಎದ್ದು ಶೆಡ್ಡಿಗೆ ಹೋದರು. ಗಾರೆಯವನು ಕರಣೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಬಾಯಿ ಬಿಡಲು ನನಗೆ ಧೈರ್ಯವಾಗಲಿಲ್ಲ. ಆ ಗೋಡೆ ಒಡೆಯಿರಿ ಎಂದು ನಾನು ಹೇಳಿದರೆ ಅದು ಬೇರೆಯದೇ ಮಾತಾಗುತ್ತಿತ್ತು. ಆ ಹುಡುಗಿ ಜನ್ಮವಿಡೀ ಅದನ್ನು ಮರೆಯುತ್ತಿರಲಿಲ್ಲ. ಬೀದಿಯವರು ಮರೆಯಲು ಬಿಡುತ್ತಲೂ ಇರಲಿಲ್ಲ. ಒಳಗೆ ಚಿಕ್ಕವನು ಏದುಸಿರು ಬಿಡುತ್ತಾ ಆಟದ ಲಾರಿ ಓಡಿಸುತ್ತಿದ್ದ. ಆ ಸದ್ದು ಕೇಳಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ನಾನೇ ಅಜ್ಜಿಗೆ ಫೋನು ಮಾಡಿದೆ. ಗೋಡೆಯ ವಿಷಯ ಎತ್ತಲಿಲ್ಲ. ಮಗುವಿಗೆ ಉಸಿರಾಟ ಸರಿಯಿಲ್ಲ ಎಂದಷ್ಟೇ ಹೇಳಿದೆ.

ಮಾರನೆಯ ದಿನ ಮೊದಲ ಬಸ್ಸಿಗೇ ಬಂದುಬಿಟ್ಟರು. ಬಂದವರು ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವನ ಎದೆಗೆ ಕಿವಿ ಇಟ್ಟರು. ಮಧ್ಯಾಹ್ನದವರೆಗೂ ಹಾಗೇ ಕುಳಿತಿದ್ದರು. ಊಟಕ್ಕೂ ಏಳಲಿಲ್ಲ. ಅವರ ಯಜಮಾನರು ವರ್ಷಗಟ್ಟಲೆ ಕುಲುಮೆಯ ಹೊಗೆ ಕುಡಿದು, ಕೊನೆಕೊನೆಗೆ ಮಲಗಲಾರದೆ ಗೋಡೆಗೊರಗಿ ಕುಳಿತೇ ಪ್ರಾಣ ಬಿಟ್ಟಿದ್ದರೆಂದು ಆ ದಿನವೇ ನನಗೆ ಗೊತ್ತಾಗಿದ್ದು.

"ಈ ಸದ್ದು ನಾನ್ ಕೇಳಿವ್ನಿ ಕಣವ್ವ," ಎಂದರು. "ಇನ್ನೊಂದ್ ಸಲ ಕೇಳ್ಬೇಕಾಯ್ತದೆ ಅನ್ಕಂಡಿರ್ಲಿಲ್ಲ."

ಆಮೇಲೆ ಎದ್ದು ಕೋಣೆಗೆ ಹೋಗಿ ಗೋಡೆ ನೋಡಿದರು. ಮಗಳ ಅಂಗೈ ಗುರುತಿನ ಹತ್ತಿರ ಅವರ ಕೈ ಹೋಯಿತು, ಆದರೆ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು.

"ಇಷ್ಟ್ ದಿವ್ಸ ಯಾಕವ್ವ ಸುಮ್ನಿದ್ದೆ?"

"ಅವ್ರಮ್ಮ ಬರ್ದಿರೋದು. ನಾನೆಂಗವ್ವ ಒಡಿಸ್ಲಿ?"

ಅವರು ನನ್ನನ್ನೇ ನೋಡಿದರು. ಒಂದೂವರೆ ವರ್ಷದಲ್ಲಿ ಆ ಥರ ಯಾವತ್ತೂ ನೋಡಿರಲಿಲ್ಲ. "ದಿಟ," ಎಂದರು. "ನೀನೆಂಗ್ ಒಡಸ್ತೀಯ."

ಸಾಯಂಕಾಲ ದೊಡ್ಡವಳು ಸ್ಕೂಲಿನಿಂದ ಬಂದಾಗ ಅಜ್ಜಿ ಅವಳನ್ನು ಮರದ ಮುಂದೆ ಕೂರಿಸಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ತಾನೇ ಮೊದಲು ಮಾತಾಡಿದಳು. ಎಲ್ಲ ಒಡೆಯಲಿ, ಅಮ್ಮನ ಕೈ ಇರುವಷ್ಟು ಮಾತ್ರ ಬಿಡಲಿ, ಎಂದಳು. ಗಾರೆಯವನು ಆಗಲ್ಲ ಅಂದಿದ್ದಾನೆ ಎಂಬುದು ಅವಳಿಗೂ ಗೊತ್ತಿತ್ತು.

ಅಜ್ಜಿ ಅವಳ ಬಲಗೈ ಹಿಡಿದು ಬೆರಳು ಬಿಡಿಸಿದರು. "ಗೋಡೆ ಮ್ಯಾಲೆ ಕಿರುಬೆಳ್ಳು ನೋಡು, ಎಂಗದೆ?"

"ವಾರೆ."

"ನಿಂದು?"

ಅವಳು ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳ ಕಿರುಬೆರಳು ಕೂಡ ತುದಿಯಲ್ಲಿ ಒಳಕ್ಕೆ ಬಾಗಿತ್ತು. ಅಷ್ಟು ದಿನ ಪ್ರತಿದಿನ ಅಲ್ಲಿ ಕೈಯಿಟ್ಟಿದ್ದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅಜ್ಜಿ ತಮ್ಮ ಕೈಯನ್ನೂ ಚಾಚಿದರು. ಗಂಟು ಕಟ್ಟಿದ ಆ ಮುದಿ ಬೆರಳೂ ವಾರೆಯೇ.

"ನಿಮ್ಮವ್ವನ್ ಬೆಳ್ಳು ಗೋಡೆಯಿಂದ ಬಂದಿದ್ದಲ್ಲ ಕಣ್ ಮಗ. ನನ್ನಿಂದ ಬಂತು. ನಿನ್ನತ್ರ ಅದೆ. ಆ ಬೂಷ್ಟ್ ನಿನ್ ತಮ್ಮುನ್ ಎದೆಗ್ ಓಯ್ತಾ ಅದೆ. ನಿಮ್ಮವ್ವ ಇದ್ದಿದ್ರೆ ಒಂದ್ ಗಳ್ಗೆ ಬುಡ್ತಿದ್ಲಾ?"

ಆಗ ಅತ್ತಳು. ಮನೆಯ ಹಂಚು ಹಾರಿಹೋಗುವ ಹಾಗೆ ಅತ್ತಳು. ಅಜ್ಜಿ ಅವಳ ತಲೆಯನ್ನು ಮಡಿಲಿಗೆ ಒತ್ತಿಕೊಂಡು ಕುಳಿತರು.

ಧೂಳು ಕುಡಿದಾನೆಂದು ಚಿಕ್ಕವನನ್ನು ನಾಗಮಂಗಲಕ್ಕೆ, ನಮ್ಮಣ್ಣನ ಮನೆಗೆ ಕಳಿಸಿದೆವು. ಗಾರೆಯವನು ಬಂದು ಉಳಿ, ಸುತ್ತಿಗೆ ತೆಗೆದ. ಸುದ್ದಿ ಹೇಗೆ ಹೋಯಿತೋ, ಎದುರು ಮನೆಯಾಕೆಯೂ ಇನ್ನಿಬ್ಬರೂ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾರೆಯವನ ಮುಂದೆ ಕೈ ಚಾಚಿದರು.

"ಇತ್ತಾಗ್ ಕೊಡ್ಲಾ."

"ನಿಮ್ ಕೈಲಾಗಕಿಲ್ಲ ಬುಡಮ್ಮ," ಎಂದ ಅವನು.

"ಕೊಡ್ಲಾ ಅಂದ್ರೆ." ಸುತ್ತಿಗೆ ಕಿತ್ತುಕೊಂಡು, ಬಾಗಿಲ ಕಡೆ ತಿರುಗಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ಹೆತ್ತೋಳು ನಾನು. ಮೊದ್ಲೇಟು ನಾನೇ ಆಕ್ತೀನಿ. ನಾಳೀಕ್ ಯಾರಾರ ಕೇಳುದ್ರೆ, ಅವ್ಳವ್ವನೇ ಒಡುದ್ಲು ಅಂತ ಯೋಳಿ." ನನ್ನ ಕಡೆ ಕೈ ತೋರಿಸಿದರು. "ಈ ಎಣ್ಮಗಳ ಎಸ್ರು ಯಾರ್ ಬಾಯಲ್ಲೂ ಬರ್ಕೂಡ್ದು."

ಮಗಳ ಅಂಗೈ ಇದ್ದ ಕಡೆಗೇ ಹೊಡೆದರು. ಬೇರೆಲ್ಲಾದರೂ ಹೊಡೆಯಬಹುದಿತ್ತು. ಆ ಗುರುತನ್ನು ಒಡೆಯುವುದನ್ನು ಇನ್ನೊಬ್ಬರಿಗೆ ಬಿಡಬಾರದು ಎಂದಿತ್ತೇನೋ... ಪೊಳ್ಳು ಗಿಲಾವು ತಟ್ಟೆಯಗಲ ಕಳಚಿ ಬಿತ್ತು. ಹಿಂದೆ ಇಟ್ಟಿಗೆ ನೀರು ಕುಡಿದು ಕಪ್ಪಾಗಿತ್ತು. ಸುತ್ತಿಗೆಯನ್ನು ಗಾರೆಯವನಿಗೆ ಕೊಟ್ಟು, ಹಿತ್ತಿಲಿಗೆ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. ನಾನು ಒಂದು ಲೋಟ ಕಾಫಿ ತೆಗೆದುಕೊಂಡು ಹೋದೆ. ಅವರ ಕೈಯೆಲ್ಲ ಗಿಲಾವಿನ ಧೂಳು. ಲೋಟವನ್ನು ನಾನೇ ಹಿಡಿದುಕೊಂಡು ಕುಡಿಸಿದೆ. ಅವತ್ತು ನನ್ನ ಬೆನ್ನು ಸೆಟೆದುಕೊಂಡಿರಲಿಲ್ಲ.

ಹೊಸ ಗಿಲಾವು ಒಣಗಲು ಬಿಟ್ಟು, ಆಮೇಲೆ ಬಣ್ಣ ತರಲು ನಾನೂ ದೊಡ್ಡವಳೂ ಶ್ರೀರಂಗಪಟ್ಟಣಕ್ಕೆ ಹೋದೆವು. ಅಂಗಡಿಯಲ್ಲಿ ಅವಳು ಆರಿಸಿದ್ದು ತೆಳು ಹಳದಿ. ಮತ್ತೆ ಮರ ಬರೆಯೋಣವೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೆಲವು ವಾರ ಗೋಡೆ ಬರೀ ಹಳದಿಯಾಗಿಯೇ ಇತ್ತು. ಒಂದು ಭಾನುವಾರ ಅವಳು ಶೆಡ್ಡಿನಿಂದ ಮರದ ಚೂರು ಪಟ್ಟಿಗಳನ್ನು ಆಯ್ದು ತಂದು ಉಪ್ಪುಕಾಗದದಿಂದ ಉಜ್ಜತೊಡಗಿದಳು. ತೇಗ, ಹೊನ್ನೆ, ಹಲಸು, ಒಂದೊಂದೂ ಒಂದೊಂದು ಬಣ್ಣ. ಅವಳಪ್ಪ ಅವನ್ನು ಗೋಡೆಯುದ್ದಕ್ಕೂ ಸಾಲಾಗಿ ಬಡಿದುಕೊಟ್ಟರು. "ಚಿಕ್ಕಮ್ಮ, ಬಟ್ಟೆ ಕ್ಲಿಪ್ಪು ಕೊಡಿ," ಎಂದಳು. ಅವಳು ನನ್ನನ್ನು ಕರೆದದ್ದು ಅದೇ ಮೊದಲು. ಈಗಲೂ ನಾನು ಅವಳಿಗೆ ಚಿಕ್ಕಮ್ಮನೇ. ಅದೇ ಚೆನ್ನಾಗಿದೆ.

ಅವಳೇ ಬರೆದು, ಕ್ಲಿಪ್ಪು ಹಾಕಿ ಮೊದಲು ತಗುಲಿಸಿದ ಚಿತ್ರ ಅಜ್ಜಿಯದು. ಸೆರಗು ಸಿಕ್ಕಿಸಿಕೊಂಡು, ತಮಗಿಂತ ದೊಡ್ಡ ಸುತ್ತಿಗೆ ಎತ್ತಿ ನಿಂತ ಅಜ್ಜಿ. ಮುಂದಿನ ತಿಂಗಳು ಅವರು ಬಂದಾಗ ಮಕ್ಕಳಿಬ್ಬರೂ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಕಣ್ಣು ಕಿರಿದು ಮಾಡಿ ನೋಡಿದರು. "ನನ್ ಮೂಗು ಇಷ್ಟ್ ದಪ್ಪ ಅದೇನ್ಲಾ?" ಎಂದು ಚಿಕ್ಕವನನ್ನು ಕೇಳಿದರು. "ಇನ್ನೂ ದಪ್ಪ!" ಎಂದ. ನಮ್ಮ ಮನೆಯವರು ಬಾಗಿಲಿಗೆ ಒರಗಿಕೊಂಡು ನಕ್ಕರು. ನಾನು ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನೋಡಿರಲಿಲ್ಲ. ಆಮೇಲೆ ಆ ಪಟ್ಟಿಗಳ ಮೇಲೆ ಏನೇನು ಬಂತೋ ಲೆಕ್ಕವಿಲ್ಲ. ರಟ್ಟಿನ ಹಕ್ಕಿಗಳು, ನಾನು ಹೊಲಿದುಳಿದ ಬಟ್ಟೆ ಚೂರಿನ ಮೀನು, ಪರೀಕ್ಷೆಯ ವೇಳಾಪಟ್ಟಿ, ಯಾರದೋ ಮೇಲಿನ ಸಿಟ್ಟಿಗೆ ಬರೆದ ಕೋಡಿನ ಮುಖ...

ಆ ಚಳಿಗಾಲದಲ್ಲಿ ಎಲ್ಲರೂ ಕರಿಘಟ್ಟ ಬೆಟ್ಟಕ್ಕೆ ಹೋಗಿದ್ದೆವು. ಚಿಕ್ಕವನು ಕೈ ಕೊಸರಿಕೊಂಡು ಮೆಟ್ಟಿಲು ಹತ್ತಿ ಓಡಿದ. ನಾನು ಅಲ್ಲೇ ನಿಂತುಬಿಟ್ಟೆ. ಆ ಪೀಪಿಯ ಸದ್ದಿಗಾಗಿ ನನ್ನ ಕಿವಿ ಕಾಯುತ್ತಿತ್ತು. ನೋಡಿದರೆ, ಕೆಳಗಿನ ಮೆಟ್ಟಿಲಲ್ಲಿ ಅಜ್ಜಿಯೂ ತಲೆ ಎತ್ತಿ ಹಾಗೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವನು, "ಅಮ್ಮಾ, ಒಳೆ ಕಾಣ್ತದೆ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ.

"ಕೇಳ್ತಾ?" ಎಂದರು ಅಜ್ಜಿ. "ಎಂಗ್ ಅರ್ಚ್ತಾವ್ನೆ ನೋಡು." ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನೂ ಅವರ ಪಕ್ಕ ಕುಳಿತೆ.

ಅಜ್ಜಿ ತೀರಿಹೋಗಿ ಎರಡು ಮಳೆಗಾಲ ಕಳೆಯಿತು. ಕೊನೆಯಲ್ಲಿ ನಾನು ನೋಡಲು ಹೋದಾಗ ಅವರಿಗೆ ಈಗಿನದು ಆಗಿನದು ಎಲ್ಲ ಕಲಸಿಹೋಗಿತ್ತು. ನನ್ನ ಕೈ ಹಿಡಿದುಕೊಂಡು, "ಗೋಡೆ ಒಣಗ್ತಾ?" ಎಂದು ಕೇಳಿದರು.

"ಒಣಗ್ತು ಕಣವ್ವ. ಚೆನ್ನಾಗ್ ಒಣಗ್ತು."

"ಮಗ ಮನಗವ್ನಾ?"

"ಮನಗವ್ನೆ."

ಮಗ ಆಗ ನನಗಿಂತ ಎತ್ತರ ಬೆಳೆದು, ನನ್ನ ಹಿಂದೆಯೇ ನಿಂತಿದ್ದ. ಅಜ್ಜಿ, "ಸದ್ಯ," ಎಂದು ಕಣ್ಣು ಮುಚ್ಚಿದರು. ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ.

ಈ ದೀಪಾವಳಿಗೆ ಮನೆಗೆ ಬಣ್ಣ ಮಾಡಿಸಬೇಕು. ದೊಡ್ಡವಳು ರಜೆಗೆ ಬರುವಾಗ ಹೊಸ ಪರದೆ ಬಟ್ಟೆ ತರುತ್ತೇನೆ ಎಂದಿದ್ದಾಳೆ. ಯಾವ ಗೋಡೆಗೆ ಏನು ಹಚ್ಚಲಿ, ಯಾವ ಮೊಳೆ ಎಲ್ಲಿ ಹೊಡೆಯಲಿ ಎಂದು ನಾನೀಗ ಯಾರನ್ನೂ ಕೇಳಬೇಕಾಗಿಲ್ಲ. ಹಾಗೆ ಮಾಡಿಹೋದವರೇ ಅಜ್ಜಿ. ಆದರೂ ಇವತ್ತು ಬೆಳಿಗ್ಗೆ, ಕೈಯಲ್ಲಿ ಸೌಟು ಹಿಡಿದುಕೊಂಡು, ಅವರನ್ನು ಒಂದು ಮಾತು ಕೇಳಬೇಕಿತ್ತಲ್ಲ ಅನ್ನಿಸಿತು.