ಎರಡನೇ ಒಲೆ

ಬಡವನಹಳ್ಳಿಯ ಹಿಂದಲ ಬೀದಿಯಲ್ಲಿ ಮೋಟಾರು ಸುಟ್ಟರೆ ಜನ ಮೊದಲು ದೇವರನ್ನು ಬೈಯುತ್ತಾರೆ, ಆಮೇಲೆ ಕರೆಂಟಿನವರನ್ನು, ಕೊನೆಗೆ ಚೌಡಯ್ಯನನ್ನು ಹುಡುಕಿಕೊಂಡು ಹೋಗುತ್ತಾರೆ. ಚೌಡಯ್ಯನಿಗೆ ಈಗ ಐವತ್ತೆರಡು. ಪುರವರದ ಹತ್ತಿರ ಹುಟ್ಟಿ, ಮಧುಗಿರಿಯಲ್ಲಿ ವೈಂಡಿಂಗ್ ಕಲಿತು, ಇಲ್ಲಿ ಬಂದು ಅಂಗಡಿ ಹಾಕಿದವನು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಮಾತನ್ನು ಸುತ್ತಿ ಬಳಸಿ ಆಡುವ ಅಭ್ಯಾಸವಿಲ್ಲ. ಆಡುವುದೇ ಅಪರೂಪ.

ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವನ ಜೊತೆಗಿರುವವನು ಶಿರಾದ ಜಾವೀದ್. ಕೊಳವೆಬಾವಿಯಿಂದ ಮೋಟಾರು ಮೇಲಕ್ಕೆತ್ತುವುದು ಜಾವೀದನ ಕೆಲಸ. ಒಬ್ಬ ಎತ್ತುವವನು, ಒಬ್ಬ ಸುತ್ತುವವನು. ಒಟ್ಟಿಗಿದ್ದರೆ ವ್ಯಾಪಾರಕ್ಕೆ ಅನುಕೂಲ ಎಂದು ಬೀದಿ ಮೊದಲ ವರ್ಷವೇ ತೀರ್ಮಾನಿಸಿಬಿಟ್ಟಿತ್ತು. ಆ ತೀರ್ಮಾನ ಬೀದಿಗೂ ಅನುಕೂಲವಾಗಿದ್ದರಿಂದ ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ.

ಅವರಿಬ್ಬರದು ಸಂಸಾರ. ಇದು ಅವರಿಬ್ಬರಿಗೆ ಗೊತ್ತಿತ್ತು. ವರ್ಷಕ್ಕೆರಡು ಸಲ ಶಿರಾದಿಂದ ಬರುವ ಜಾವೀದನ ತಾಯಿ ಅಮೀರುನ್ನೀಸಾಗೂ ಗೊತ್ತಿತ್ತು. ಉಪ್ಪಿನಕಾಯಿ ಒಂದೇ ಭರಣಿಯಲ್ಲಿ ತಂದರೆ ಸಾಕೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬೀದಿಯಲ್ಲಿ ಚೌಡಯ್ಯ ‘ಸಾಬ್ರೇ’ ಎಂದರೆ ಜಾವೀದ್ ‘ಚೌಡಣ್ಣ’ ಎನ್ನುತ್ತಿದ್ದ. ಮೆಟ್ಟಿಲು ಹತ್ತಿ ಬಾಗಿಲು ಹಾಕಿದ ಮೇಲೆ ‘ಜಾವೀ’, ‘ಚೌಡಾ’.

ಬೀದಿಯ ತೀರ್ಮಾನ ಸಡಿಲವಾಗದಂತೆ ಚೌಡಯ್ಯ ಒಂದು ಮೊಳೆಯನ್ನೂ ಹೊಡೆದಿಟ್ಟಿದ್ದ. ಅಡುಗೆಕೋಣೆಯಲ್ಲಿ ಎರಡು ಗ್ಯಾಸ್ ಒಲೆ. ಒಂದು ಅಡುಗೆಗೆ, ಇನ್ನೊಂದು ಅತಿಥಿಗಳ ಕಣ್ಣಿಗೆ. ಮೇಲೆ ಬಂದವರು ಎರಡನ್ನೂ ನೋಡಿ, ‘ಓ, ಅವರವರ ಅಡುಗೆ ಅವರವರಿಗೆ’ ಎಂದುಕೊಂಡು ನೆಮ್ಮದಿಯಿಂದ ಇಳಿದು ಹೋಗುತ್ತಿದ್ದರು. ಶನಿವಾರಕ್ಕೊಮ್ಮೆ ಚೌಡಯ್ಯ ಎರಡನೇ ಒಲೆಯ ಮೇಲ್ಭಾಗವನ್ನು ಶ್ರದ್ಧೆಯಿಂದ ಒರೆಸುತ್ತಿದ್ದ. ದಿನಾ ದುಡಿಯುವ ಒಲೆಗೆ ಆ ಉಪಚಾರವಿರಲಿಲ್ಲ.

ಬೀದಿಗೆ ಶುದ್ಧ ನೀರಿನ ಘಟಕ ಬಂದಾಗ ಅದರ ಬೀಗದ ಕೈ ವಾರಕ್ಕೊಂದು ಮನೆಯಲ್ಲಿರಬೇಕೆಂದು ನಿಯಮವಾಯಿತು. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಬಾಗಿಲು ತೆಗೆಯುವ ಸರದಿ. ಮನೆ ಎಂದರೆ ಸಂಸಾರವಿರುವ ಮನೆ. ಒಂಟಿ ಗಂಡಸರ ರೂಮು ಲೆಕ್ಕಕ್ಕಿಲ್ಲ. ಘಟಕದ ಮೋಟಾರು ಮೂರು ಸಲ ಸುಟ್ಟಿತು. ಮೂರು ಸಲವೂ ಜಾವೀದ್ ಎತ್ತಿದ, ಚೌಡಯ್ಯ ಸುತ್ತಿದ. ಮೋಟಾರು ಕೆಟ್ಟಾಗ ಅವರು ಬೀದಿಯವರು, ಬೀಗದ ಕೈ ಬಂದಾಗ ರೂಮಿನವರು.

ಚೌಡಯ್ಯ ಇದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಆದರೆ ಹೋದ ವರ್ಷ ಜಾವೀದ್ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ‘ಮನೆಯವರು ಯಾರು’ ಎಂದು ಕೇಳಿದಾಗ, ಜೊತೆಗೆ ಬಂದಿದ್ದ ಬೀದಿಯವರೆಲ್ಲ ಒಳ್ಳೆಯ ಮನಸ್ಸಿನಿಂದಲೇ, ಶಿರಾಕ್ಕೆ ಫೋನು ಮಾಡಿದ್ದೇವೆ, ಬರುತ್ತಾರೆ ಎಂದರು. ಚೌಡಯ್ಯ ಜಾವೀದನ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಅವತ್ತಿನಿಂದ ಅವನಿಗೊಂದು ಚಿಂತೆ ಹತ್ತಿತ್ತು: ನಾಳೆ ತಾನೇ ಇಲ್ಲವಾದರೆ ಈ ಬೀದಿ ಜಾವೀದನನ್ನು ಯಾವ ಮನೆಯವನೆಂದು ಗುರುತಿಸುತ್ತದೆ?

ಅಷ್ಟರಲ್ಲಿ ಘಟಕದ ಗೋಡೆಯ ಮೇಲೆ ಸರದಿಯ ಮನೆಗಳ ಹೆಸರನ್ನು ಬಣ್ಣದಲ್ಲಿ ಬರೆಸುವ ಯೋಜನೆ ಬಂತು. ಸೀಮೆಸುಣ್ಣದಲ್ಲಿ ಮೊದಲು ಗುರುತು ಹಾಕಿದ್ದರು, ಮೂವತ್ತೊಂದು ಸಾಲು. ಆರು ತಿಂಗಳ ಹಿಂದೆ ಬಾಡಿಗೆಗೆ ಬಂದ ಮೇಷ್ಟರಿಗೂ ಒಂದು ಸಾಲಿತ್ತು. ಚೌಡಯ್ಯ ಮೇಲಿಂದ ಕೆಳಕ್ಕೆ ಎರಡು ಸಲ ಓದಿದ. ಮೂವತ್ತೆರಡನೆಯ ಸಾಲಿಗೆ ಗೋಡೆಯಲ್ಲಿ ಜಾಗ ಧಾರಾಳವಾಗಿತ್ತು.

ಭಾನುವಾರ ಬೆಳಿಗ್ಗೆ ಸಭೆ. ಘಟಕದ ಸಮಿತಿಯ ಅಧ್ಯಕ್ಷ ನವೀನ್ ಕುಮಾರ್ ಹಿಂದಿನ ವಾರವಷ್ಟೇ ತುಮಕೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ, ಒಂದು ಬಟ್ಟೆ ಚೀಲ, ಒಂದು ಫೈಲು ಮತ್ತು ಹೊಸ ವಿಚಾರಗಳೊಂದಿಗೆ ಮರಳಿದ್ದ. ಮೂರನ್ನೂ ಅಂದು ವೇದಿಕೆಗೆ ತಂದಿದ್ದ. ಎಲ್ಲರನ್ನೂ ಒಳಗೊಳ್ಳುವ ಸಮಾಜದ ಬಗ್ಗೆ ಮಾತಾಡಿದ. ಗಂಡು ಗಂಡನ್ನೇ ಇಷ್ಟಪಟ್ಟರೆ ತಪ್ಪಲ್ಲ, ಕೋರ್ಟೇ ಹೇಳಿದೆ, ನಾವು ಮನಸ್ಸು ದೊಡ್ಡದು ಮಾಡಿಕೊಳ್ಳಬೇಕು ಎಂದ.

“ನಮ್ಮ ಬೀದೀಲಿ ಅಂಥೋರು ಒಬ್ಬರಿದ್ದಿದ್ರೂ ಎಲ್ರಿಗಿಂತ ಮೊದ್ಲು ನಾನೇ ಅವರ ಪರ ನಿಲ್ತಿದ್ದೆ,” ಎಂದು ಅವನು ನಿಟ್ಟುಸಿರಿಟ್ಟ. “ಏನ್ ಮಾಡೋದು, ನಮ್ಮಲ್ಲಿ ಅಂಥೋರು ಯಾರೂ ಇಲ್ಲ.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಚೌಡಯ್ಯನೂ ತಟ್ಟಿದ. ಜಾವೀದನಿಗೆ ತಟ್ಟಲಾಗಲಿಲ್ಲ, ಸಡಿಲವಾಗಿದ್ದ ಮೈಕಿನ ವೈರನ್ನು ಅವನು ಮೊದಲಿನಿಂದಲೂ ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದ. ಬಿಟ್ಟಿದ್ದರೆ ಭಾಷಣ ಅಲ್ಲಿಗೇ ನಿಲ್ಲುತ್ತಿತ್ತು.

ಚೌಡಯ್ಯ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದದ್ದನ್ನು ಜನ ಹಿಂದೆಂದೂ ನೋಡಿರಲಿಲ್ಲ.

“ನಮ್ದೂ ಒಂದು ಮನೆ ಅಂತ ಬರೀರಿ,” ಎಂದ. “ಚೌಡಯ್ಯ, ಜಾವೀದ್. ಒಂದೇ ಸಾಲಲ್ಲಿ.”

ನವೀನ್ ಕುಮಾರ್ ಪ್ರೀತಿಯಿಂದಲೇ ನಿರಾಕರಿಸಿದ. ನಿಯಮ ನಿಯಮವೇ, ಇಬ್ಬರು ಬ್ಯಾಚುಲರ್‌ಗಳನ್ನು ಮನೆ ಅಂತ ಬರೆದರೆ ನಾಳೆ ಲಾರಿ ಡ್ರೈವರ್‌ಗಳ ರೂಮಿನವರೂ ಕೇಳುತ್ತಾರೆ ಎಂದು ಬಿಡಿಸಿ ಹೇಳಿದ. ಜಾವೀದ್ ವೈರಿನಿಂದ ಬೆರಳು ತೆಗೆದ. ಉಳಿದ ವಿವರಣೆ ಮೈಕಿಲ್ಲದೆ ನಡೆಯಿತು.

ಆಗ ಬಾಯಿ ಹಾಕಿದವಳು ಮುನಿಯಮ್ಮ. ಎಪ್ಪತ್ತು ದಾಟಿದವಳು, ಬೀದಿಗೆಲ್ಲ ಹಿರಿಯಳು. “ನಿಮ್ಮಪ್ಪ, ನಿಮ್ಮ ಚಿಕ್ಕಪ್ಪ ಬೇರೆ ಆದಾಗ ಏನ್ಲಾ ನೋಡಿದ್ರು? ಒಲೆ ಎರಡಾಯ್ತು, ಮನೆ ಎರಡಾಯ್ತು ಅಂದ್ರು. ಗ್ವಾಡೆ ಒಂದೇ ಇತ್ತಲ್ಲ? ಒಲೆ ಒಂದಿದ್ರೆ ಮನೆ ಒಂದು. ನಮ್ಮ ಕಡೆ ಲೆಕ್ಕ ಅಷ್ಟೇ ಕಣ್ಲಾ. ಹೋಗಿ ನೋಡ್ಕಂಬನ್ನಿ.”

ಚೌಡಯ್ಯನಿಗೆ ಎರಡನೇ ಒಲೆ ನೆನಪಾಯಿತು. ಬೇಡವೆನ್ನುವ ಮೊದಲೇ ಸಮಿತಿಯ ನಾಲ್ವರು ಮತ್ತು ಮುನಿಯಮ್ಮ ಮೆಟ್ಟಿಲು ಹತ್ತಿಯಾಗಿತ್ತು.

ಅಡುಗೆಕೋಣೆಯಲ್ಲಿ ಎರಡು ಒಲೆ ಎದುರುಬದುರಾಗಿ ಕೂತಿದ್ದವು. ಹಿಂದಿನ ದಿನ ಶನಿವಾರವಾದ್ದರಿಂದ ಎರಡನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನವೀನ್ ಕುಮಾರನಿಗೆ ನಿಜಕ್ಕೂ ಬೇಸರವಾಯಿತು. “ನೋಡಜ್ಜಿ, ಎರಡೈತೆ. ನಿನ್ನ ಲೆಕ್ಕದಲ್ಲೇ ಇದು ಮನೆಯಲ್ಲ.” ಹತ್ತೊಂಬತ್ತು ವರ್ಷ ಚೌಡಯ್ಯ ಒರೆಸಿ ಒರೆಸಿ ಸಾಕಿದ ಸುಳ್ಳು ಈಗ ಅವನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು, ಅದೂ ಫಳಫಳನೆ.

ಮುನಿಯಮ್ಮ ಒಲೆಯ ಬರ್ನರ್ ಎತ್ತಿದಳು. ಒಳಗೆ ದಟ್ಟವಾದ ಬಲೆ. ಹಿಂದಿನ ರಬ್ಬರ್ ಪೈಪನ್ನು ಎಳೆದಳು. ಪೂರ್ತಿ ಕೈಗೇ ಬಂತು, ಇನ್ನೊಂದು ತುದಿಗೆ ಏನೂ ಇರಲಿಲ್ಲ.

“ಇದ್ರಾಗೆ ಜೇಡ ಸಂಸಾರ ಮಾಡೈತೆ,” ಎಂದಳು. “ಬೆಂಕಿ ಒಂದಿನವೂ ಹತ್ತಿಲ್ಲ.”

“ಮತ್ತೆ ಇದನ್ಯಾಕೆ ಇಟ್ಕಂಡಿದೀರ ಚೌಡಣ್ಣ?” ನವೀನ್ ಕುಮಾರ್ ಕೇಳಿದ.

ಚೌಡಯ್ಯ ಜಾವೀದನ ಮುಖ ನೋಡಿದ. ಜಾವೀದ್ ಮುರಿದು ಕೂಡಿದ ಕಾಲಿನ ಮೇಲೆ ಭಾರ ಹಾಕಿ ಸ್ವಲ್ಪ ಹತ್ತಿರ ಬಂದು ನಿಂತ.

“ನಿಮಗೋಸ್ಕರ ಇಟ್ಟಿದ್ದು ಕಣಪ್ಪ,” ಎಂದ ಚೌಡಯ್ಯ. “ಅಡುಗೆ ಜಾವೀದೂ ನಾನೂ ಆ ಒಲೇಲೇ ಮಾಡ್ಕಳೋದು. ನೀನು ಮೈಕಲ್ಲಿ ಹೇಳ್ದಲ್ಲ, ಅಂಥೋರು ಅಂತ. ನಾವೇ. ಹತ್ತೊಂಬತ್ತು ವರ್ಷ ಆಯ್ತು.”

ತರಬೇತಿಯ ಫೈಲಿನಲ್ಲಿ ಇದಕ್ಕೊಂದು ಹಾಳೆ ಇರಲಿಲ್ಲ. ಎಲ್ಲರಿಗಿಂತ ಮೊದಲು ನಿಲ್ಲುತ್ತೇನೆಂದಿದ್ದ ನವೀನ್ ಕುಮಾರ್ ಎಲ್ಲರಿಗಿಂತ ಮೊದಲು ಸ್ಟೂಲಿನ ಮೇಲೆ ಕೂತುಬಿಟ್ಟ. ಉಳಿದ ಮೂವರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ತುರ್ತಾಗಿ ಹುಡುಕತೊಡಗಿದರು.

“ಅಜ್ಜಿ, ನಿಂಗೆ ಗೊತ್ತಿತ್ತಾ?” ನವೀನ್ ಕುಮಾರ್ ಕೂತಲ್ಲಿಂದಲೇ ಕೇಳಿದ.

“ವರ್ಸಾ ವರ್ಸಾ ಒಬ್ಬಟ್ಟು ಒಂದೇ ತಟ್ಟೇಲಿ ಕಳಿಸ್ತೀನಿ. ಗೊತ್ತಿಲ್ದೆ ಕಳಿಸ್ತಾರೇನ್ಲಾ?” ಎಂದಳು ಮುನಿಯಮ್ಮ. “ನಿಂತ್ಕಳಾಕೆ ಆಗ್ದಿದ್ರೆ ಬುಡು, ಕೂತ್ಕಂಡೇ ಬರ್ಕೋ. ಮೂವತ್ತೆರಡ್ನೇ ಮನೆ.”

ಅವನು ಬರೆದುಕೊಂಡ. ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಬರೆದ. ಇಳಿಯುವಾಗ ಚೌಡಯ್ಯನ ಕೈ ಕುಲುಕಲು ಹೋಗಿ, ಅದು ಸಾಲದೆಂದು ತೋರಿ ಜಾವೀದನದನ್ನೂ ಕುಲುಕಿದ.

ಬೀದಿ ಒಂದೇ ದಿನದಲ್ಲಿ ಬದಲಾಯಿತೆಂದರೆ ಸುಳ್ಳಾದೀತು. ಗೋಡೆಯ ಬಣ್ಣ ಒಣಗುವ ಮೊದಲೇ ಎರಡು ಮನೆಯವರು, ಚೌಡಯ್ಯ, ಜಾವೀದರ ಸರದಿಯ ವಾರ ತಾವು ನೀರು ಹಿಡಿಯುವುದಿಲ್ಲ ಎಂದರು. ಸರದಿ ಬಂದಾಗ ಮಂಗಳವಾರದವರೆಗೆ ತತ್ವವನ್ನೇ ಕುಡಿದರು. ಬುಧವಾರ ಕ್ಯಾನು ಹಿಡಿದು ಬಂದರು. ಎರಡನೇ ಒಲೆಯನ್ನು ನವೀನ್ ಕುಮಾರನ ತಮ್ಮ ಕೇಳಿ ತೆಗೆದುಕೊಂಡು ಹೋದ. ಅವನು ಅಣ್ಣನಿಂದ ಬೇರೆಯಾಗುತ್ತಿದ್ದ.

ಆ ಸರದಿ ಶುರುವಾದ ಸೋಮವಾರ ಬೆಳಿಗ್ಗೆ ಬೀಗದ ಕೈ ಜಾವೀದನ ಜೇಬಿನಲ್ಲಿತ್ತು. ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನು ನಾಲ್ಕು ನಿಮಿಷ ತಡ ಮಾಡಿದ. ಕೆಳಗೆ ಕ್ಯಾನುಗಳ ಸಾಲಿನಿಂದ ಯಾರೋ ಹೆಂಗಸು ಗೊಣಗಿದ್ದು ಕಿಟಕಿಯೊಳಕ್ಕೆ ಸ್ಪಷ್ಟವಾಗಿ ಬಂತು.

“ಆರು ಹೊಡೆದು ಎಷ್ಟೊತ್ತಾಯ್ತು? ಆ ಮನೆಯೋರದ್ದು ಬರೀ ಇದೇ ಆಯ್ತು ಕಣಮ್ಮ.”

ಚೌಡಯ್ಯ ಟೀ ಲೋಟ ಕೆಳಗಿಟ್ಟ. ಬೀದಿ ತಮ್ಮನ್ನು ಇಷ್ಟು ಚೆನ್ನಾಗಿ ಬೈದದ್ದು ಅವನ ನೆನಪಿನಲ್ಲಿರಲಿಲ್ಲ.

“ಜಾವೀ, ಹೋಗು,” ಎಂದು ಕಿಟಕಿ ತೆರೆದೇ ಇದ್ದಾಗ ಗಟ್ಟಿಯಾಗಿ ಕೂಗಿದ. “ಮನೆ ಮರ್ಯಾದೆ ಹೋಗ್ತೈತೆ.”