ಮುತ್ತು ಬಂದಾಗ ಒಂದನೇ ಗುಂಡಿ

ಟಿವಿಯಲ್ಲಿ ಯಾರೂ ಯಾರಿಗೂ ಮುತ್ತು ಕೊಡದ ಹಾಗೆ ನೋಡಿಕೊಳ್ಳುವ ಕೆಲಸ ಎರಡು ವಾರ ನನ್ನ ಕೈಯಲ್ಲಿತ್ತು. ನಾನು ಕೇಳಿ ಪಡೆದದ್ದಲ್ಲ. ಬಿಲ್ಡಿಂಗಿನವರು ಸೇರಿ ನನ್ನ ತಲೆಗೆ ಕಟ್ಟಿದ್ದು.

ಗಲ್ಫಿನಲ್ಲಿ, ಸಲ್ವಾದ ಒಂದು ಅರಬಿ ಮನೆಯಲ್ಲಿ ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದು, ಮಕ್ಕಳನ್ನು ಸಾಕಿ, ಮೊಣಗಂಟು ಹೋದ ಮೇಲೆ ನಾನು ಅಬ್ಬಾಸಿಯಾಕ್ಕೆ ಮಗಳ ಫ್ಲ್ಯಾಟಿಗೆ ಬಂದೆ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಸುಮ್ಮನೆ ಕೂತು ಅಭ್ಯಾಸವಿಲ್ಲ, ಹಾಗಾಗಿ ಬಿಲ್ಡಿಂಗಿನ ಐದು ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದೆ. ಎರಡು ಗಂಟೆಗೆ ಶಾಲೆಯ ಬಸ್ಸು ತಂದು ಬಿಡುತ್ತದೆ, ಆರು ಗಂಟೆಗೆ ತಂದೆತಾಯಿ ಬಂದು ಕರೆದುಕೊಂಡು ಹೋಗುತ್ತಾರೆ. ನಡುವೆ ಅವು ನನ್ನವು. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಇಬ್ಬರಿಗೂ ಅರ್ಥವಾಗುತ್ತದೆ.

ಮಗಳು ಮಾತ್ರ ಮೊದಲೇ ಹೇಳಿದ್ದಳು, "ಅಮ್ಮಾ, ಈ ಮಕ್ಕಳ ಕೆಲಸ ನಿಂತ ದಿನ ನೀನು ಊರಿಗೆ ಹೋಗು, ಮಾಮನ ಮನೆಯಲ್ಲಿ ಆರಾಮ ಮಾಡು." ಆರಾಮ ಎಂದರೆ ನನ್ನ ತಮ್ಮನ ಹೆಂಡತಿಯ ಕೈಕೆಳಗೆ ಕೂರುವುದು. ಅವಳು ಚಾಕ್ಕೆ ಹಾಕುವ ಸಕ್ಕರೆಯನ್ನೂ ಚಮಚದ ಬೆನ್ನಿನಲ್ಲಿ ಅಳೆಯುವವಳು. ಹಾಗಾಗಿ ಈ ಐದು ಮಕ್ಕಳು ನನಗೆ ಬೇಕಿತ್ತು.

ತಪ್ಪು ನನ್ನದೇ. ಮಕ್ಕಳು ಊಟ ಮಾಡುವಾಗ ಕಾರ್ಟೂನ್ ಹಾಕಬೇಕಿತ್ತು. ಆದರೆ ಎರಡೂವರೆಗೆ ನನ್ನ ಧಾರಾವಾಹಿ. ಅದರಲ್ಲಿ ಗಂಡ ಆಫೀಸಿಗೆ ಹೊರಡುವ ಮೊದಲು ಹೆಂಡತಿಗೊಂದು ಮುತ್ತು ಕೊಟ್ಟ. ನಾನು ಮೀನಿನ ಮುಳ್ಳು ಬಿಡಿಸುತ್ತಿದ್ದೆ, ನೋಡಲಿಲ್ಲ. ಎರಡನೇ ಮಾಳಿಗೆಯ ಆರು ವರ್ಷದ ಹುಡುಗ ನೋಡಿದ.

ಆ ಹುಡುಗನ ಅಪ್ಪ ಶರ್ಕ್‌ನಲ್ಲಿ ಆಫೀಸಿನ ಕೆಲಸದವನು. ನಮ್ಮ ಊರಿನ ಕಡೆಯ ಕ್ರಿಸ್ತುವನೇ. ಬಿಲ್ಡಿಂಗಿನಲ್ಲಿ ಜಪಸರದ ಪ್ರಾರ್ಥನೆ ಹೇಳಿಸುವವನು ಅವನೇ. ಆ ಗುರುವಾರ ಅವನ ಮನೆಯಲ್ಲಿ ಜಪಸರ, ಹಾಲ್ ತುಂಬ ಜನ. ಪ್ರಾರ್ಥನೆ ಮುಗಿದು ಎಲ್ಲರೂ ಮೌನವಾಗಿರುವಾಗ ಹುಡುಗ ದೊಡ್ಡ ಸ್ವರದಲ್ಲಿ ಕೇಳಿದ, "ಡ್ಯಾಡಾ, ಆಫೀಸಿಗೆ ಗೋಯಿಂಗ್ ಟೈಮ್ ವೈ ಯು ಡೋಂಟ್ ಕಿಸ್ ಮಮ್ಮಾ?"

ಒಬ್ಬರೂ ನಗಲಿಲ್ಲ. ಹೊರಗೆ ಮೆಟ್ಟಿಲಿಗೆ ಬಂದ ಮೇಲೆ ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. "ಬಾಯಮ್ಮ, ಮಗ ಅದನ್ನು ನಿಮ್ಮ ಟಿವಿಯಲ್ಲಿ ನೋಡಿದ್ದಂತೆ. ಹೀಗಾದರೆ ನಾನು ಮಕ್ಕಳನ್ನು ಕಳಿಸುವುದಿಲ್ಲ. ಉಳಿದವರೂ ಕಳಿಸ್ಲಿಕ್ಕಿಲ್ಲ, ನಾನು ಹೇಳ್ತೇನೆ." ಅವನ ಇಬ್ಬರು ಮಕ್ಕಳು ಹೋದರೆ ಮೂವರು ಉಳಿಯುತ್ತಾರೆ. ಅವನು ಬಾಯಿ ತೆರೆದರೆ ಆ ಮೂವರೂ ಇಲ್ಲ. ನನಗೆ ಸಕ್ಕರೆಯ ಚಮಚ ಕಣ್ಣೆದುರು ಬಂತು.

ನಮ್ಮ ಬಿಲ್ಡಿಂಗಿನ ಕೇಬಲ್ ಹೇಗೆಂದು ಹೇಳಬೇಕು. ಕೆಳಗಿನ ಕೋಣೆಯಲ್ಲಿ ಊರಿನ ಕಡೆಯ ಒಬ್ಬ ಬ್ಯಾರಿ ಸಾಹೇಬರಿದ್ದಾರೆ, ಎಸಿ ರಿಪೇರಿಯವರು. ತಾರಸಿಯ ಮೇಲಿನ ಡಿಶ್‌ನಿಂದ ಅವರ ಕೋಣೆಗೆ ವಯರ್, ಅಲ್ಲಿ ಹಲಗೆಯ ಮೇಲೆ ಹತ್ತು ಬಾಕ್ಸ್. ಒಂದೊಂದು ಬಾಕ್ಸಿನಲ್ಲಿ ಒಂದೊಂದು ಚಾನೆಲ್. ಅಲ್ಲಿಂದ ಎಲ್ಲ ಮನೆಗಳ ಕಿಟಕಿಗೆ ವಯರ್ ಹೋಗುತ್ತದೆ. ಅವರ ಬಾಕ್ಸಿನಲ್ಲಿ ಏನಿದೆಯೋ ಅದೇ ನಮ್ಮ ಟಿವಿಯಲ್ಲಿ.

ಅದೇ ಶುಕ್ರವಾರ ಸಂಜೆ ತಾರಸಿಯಲ್ಲಿ ಎಲ್ಲರೂ ಸೇರಿದರು. ಎರಡನೇ ಮಾಳಿಗೆಯವನು ಶುರು ಮಾಡಿದ.

"ಇಲ್ಲಿಯ ಸರಕಾರದ ಟಿವಿಯಲ್ಲಿ ಇಂಥದ್ದು ಬರ್ತದಾ? ಇಲ್ಲ. ಕಟ್ ಮಾಡ್ತಾರೆ. ಆ ಕಾನೂನು ಕೇಬಲಿಗೂ ಬೇಕು."

ಅದು ಸುಳ್ಳಲ್ಲ. ಸಲ್ವಾದಲ್ಲಿ ನಾನು ನೋಡಿದ್ದೇನೆ. ಗಂಡು ಹೆಣ್ಣಿನ ಮುಖ ಹತ್ತಿರ ಬರುತ್ತದೆ, ಇನ್ನೇನು ಎನ್ನುವಾಗ ಇಬ್ಬರೂ ಬೇರೆ ಕೋಣೆಯಲ್ಲಿ ಕೂತು ಚಾ ಕುಡಿಯುತ್ತಿರುತ್ತಾರೆ. ಆಮೇಲೆ ಅವಳಿಗೆ ಮಗುವಾಗುತ್ತದೆ. ಚಾ ಕುಡಿದು ಆಯಿತೆಂದು ತಿಳಿದುಕೊಳ್ಳಬೇಕು.

ಕೇಬಲಿನ ಬ್ಯಾರಿ ಹೇಳಿದರು, "ಸಾರ್, ನಾನು ವಯರ್ ಎಳೆಯುವವ. ಮುತ್ತು ಕೊಡುವವ ಅಲ್ಲ."

ಮೂರನೇ ಮಾಳಿಗೆಯಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಬ್ಯಾಚುಲರ್‌ಗಳಿದ್ದಾರೆ. ಅವರಲ್ಲೊಬ್ಬ ಎದ್ದ. "ನಮ್ಮದು ಬೆಳಿಗ್ಗೆಯ ಡ್ಯೂಟಿ ಭಾಯಿ. ಬಂದು ನೋಡ್ಲಿಕ್ಕೆ ಅದೊಂದೇ ಇರುವುದು."

"ಅದೊಂದೇ ಅಂದ್ರೆ ಯಾವುದು?" ಎಂದು ಎರಡನೇ ಮಾಳಿಗೆಯವನು ಕೇಳಿದ.

"ಕ್ರಿಕೆಟ್," ಎಂದು ಅವನು ಕೂತ.

ನನಗೂ ಬಾಯಿ ಉಂಟಲ್ಲ, ಎರಡನೇ ಮಾಳಿಗೆಯವನಿಗೆ ಹೇಳಿದೆ. "ನೋಡು ಮಗಾ, ನಾನು ಒಣಮೀನು ಹುರಿದರೆ ವಾಸನೆ ಯಾರೂ ಕರೆಯದೆ ನಾಲ್ಕು ಮಾಳಿಗೆಗೆ ಹೋಗ್ತದೆ. ಅದಕ್ಕೆ ಕಾನೂನು ಬೇಕು, ಸರಿ. ಸರಕಾರದ ಟಿವಿಯೂ ಹಾಗೆ, ಗಾಳಿಯಲ್ಲಿ ಬರುವಂಥದ್ದು. ಕೇಬಲ್ ಹಾಗಲ್ಲ. ನೀನೇ ಬ್ಯಾರಿಗಳನ್ನು ಕರೆದು, ಕಿಟಕಿಗೆ ತೂತು ಮಾಡಿಸಿ, ಒಳಗೆ ತರಿಸಿದ್ದು. ಸಂತೆಯಿಂದ ಮೀನು ತಂದು ಮನೆಯೆಲ್ಲ ನಾತ ಅಂದರೆ ಹೇಗೆ?"

"ನಾನು ಕರೆದದ್ದು ಹೌದು ಬಾಯಮ್ಮ. ನನ್ನ ಮಗ ಕರೆಯಲಿಲ್ಲ."

ನಾನು ಒಣಮೀನಿನ ಮಾತು ಅಲ್ಲಿಗೇ ಬಿಟ್ಟೆ.

ಕೊನೆಗೆ ತೀರ್ಮಾನವಾಯಿತು. ಮಕ್ಕಳು ಮನೆಯಲ್ಲಿರುವ ಎರಡರಿಂದ ಆರರವರೆಗೆ ಕೇಬಲಿಗೂ ಸರಕಾರದ ಟಿವಿಯ ಕಾನೂನು. ಆ ಹೊತ್ತಿಗೆ ಬ್ಯಾರಿ ಎಸಿ ಕೆಲಸಕ್ಕೆ ಹೋಗಿರುತ್ತಾರೆ. ಹಾಗಾದರೆ ಕತ್ತರಿಸುವವರು ಯಾರು? ಎಲ್ಲರೂ ನನ್ನನ್ನು ನೋಡಿದರು. ಬ್ಯಾಚುಲರ್ ಹೇಳಿದ, "ಬಾಯಮ್ಮನೇ ಸರಿ. ಅವರು ಎಂತ ನೋಡಿದರೂ ಹಾಳಾಗುವ ಪ್ರಾಯ ದಾಟಿದೆ." ಮಕ್ಕಳು ನನ್ನ ಬಳಿಯೇ ಉಳಿಯುತ್ತಾರೆಂದರೆ ಆಯಿತು ಎಂದು ಒಪ್ಪಿದೆ.

ಹತ್ತು ಬಾಕ್ಸ್‌ಗಳು ನಮ್ಮ ಹಾಲಿಗೆ ಬಂದವು. ಬ್ಯಾರಿ ಬಾಕ್ಸುಗಳ ರಿಮೋಟ್ ಕೊಟ್ಟರು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಇಂಗ್ಲಿಷಂತೂ ಇಲ್ಲವೇ ಇಲ್ಲ, ಅಂಕೆ ಗೊತ್ತು. "ಒಂದನೇ ಗುಂಡಿ ಒತ್ತಿ ಬಾಯಮ್ಮ," ಎಂದರು, "ಒಂದರಲ್ಲಿ ಒಂಟೆಯ ಓಟ ಬರ್ತದೆ. ಅದರಲ್ಲಿ ಯಾರೂ ಯಾರಿಗೂ ಎಂತ ಮಾಡುವುದಿಲ್ಲ. ಆದರೆ ಬಾಕ್ಸೆಲ್ಲ ಒಂದೇ ಕಂಪೆನಿಯದ್ದು. ಒಂದಕ್ಕೆ ಒತ್ತಿದರೆ ಹತ್ತಕ್ಕೂ ತಾಗ್ತದೆ. ಬೇರೆ ಒಂಬತ್ತಕ್ಕೆ ಮೊದಲು ಬಟ್ಟೆ ಮುಚ್ಚಿ, ಮತ್ತೆ ಒತ್ತಿ."

ಇದು ಗಂಡಸಿನ ಲೆಕ್ಕ. ಒಂಬತ್ತು ಬಾಕ್ಸಿಗೆ ಬಟ್ಟೆ ಮುಚ್ಚಿ ಮುಗಿಯುವವರೆಗೆ ಯಾವ ಮುತ್ತು ಕಾಯುತ್ತದೆ? ಮೊದಲನೇ ದಿನ ಮುಚ್ಚಲು ಹೋದೆ. ಐದನೇ ಬಾಕ್ಸಿಗೆ ತಲುಪುವಾಗ ಅವರಿಬ್ಬರೂ ಮುಗಿಸಿ ಜಗಳ ಶುರು ಮಾಡಿದ್ದರು. ಎರಡನೇ ದಿನ ಬಟ್ಟೆ ಬದಿಗಿಟ್ಟು, ನಮ್ಮ ಟಿವಿಯಲ್ಲಿ ಹತ್ತು ಚಾನೆಲನ್ನೂ ತಿರುಗಿಸುತ್ತಾ ಕೂತೆ. ಮುಖ ಹತ್ತಿರ ಬಂತೋ, ಒಂದನೇ ಗುಂಡಿ. ಇಡೀ ಬಿಲ್ಡಿಂಗಿಗೆ ಒಂಟೆ.

ಹಿಂದೆ ತರುವುದು ನನಗೆ ಬರುತ್ತಿರಲಿಲ್ಲ. ಸಂಜೆ ಬ್ಯಾರಿ ಬಂದು ಒಂದೊಂದನ್ನೇ ಸರಿ ಮಾಡಬೇಕು. ಅಲ್ಲಿಯವರೆಗೆ ಹತ್ತು ಚಾನೆಲಿನಲ್ಲೂ ಒಂಟೆ ಓಡುತ್ತಿತ್ತು. ನನ್ನ ಧಾರಾವಾಹಿಯೂ ಹೋಯಿತು, ಅದನ್ನು ಯಾರೂ ಕೇಳಲಿಲ್ಲ.

ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಒಂಟೆ ಬಂದ ದಿನ ಬ್ಯಾಚುಲರ್‌ಗಳು ಆರೂ ಜನ ಬರಿಗಾಲಲ್ಲಿ ಓಡಿ ಬಂದರು. "ಬಾಯಮ್ಮ, ನಾಲ್ಕು ಬಾಲಿಗೆ ಏಳು ರನ್ ಬೇಕಿತ್ತು." "ಮತ್ತೆ ಎಂತಾಯ್ತು?" ಎಂದು ಕೇಳಿದೆ. "ಅದೇ ನಾವೂ ಕೇಳುವುದು," ಎಂದರು.

ಮಕ್ಕಳ ವಿಷಯ ಇನ್ನೂ ಚಂದ. ಮೊದಲು ಮುತ್ತು ಬಂದರೆ ಒಬ್ಬ ನೋಡುತ್ತಿದ್ದ, ನಾಲ್ವರು ನೋಡುತ್ತಿರಲಿಲ್ಲ. ಈಗ ಒಂಟೆ ಕಂಡ ಕೂಡಲೇ ಐವರೂ ಚಮಚ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದರು. "ಆಂಟಿ, ಹೂ ಕಿಸ್ಡ್?" "ಯಾರೂ ಇಲ್ಲ, ತಿನ್ನು." "ದೆನ್ ವೈ ಕ್ಯಾಮೆಲ್?" ಎಂದು ಅವು ಕೇಳುತ್ತಿದ್ದವು. ಸಣ್ಣವಳಂತೂ ಯಾರು ಯಾರಿಗೆ ಕೊಟ್ಟಿರಬಹುದೆಂದು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದಳು. ಅತ್ತೆಗೂ ಡ್ರೈವರಿಗೂ ಕೂಡಿಸಿಬಿಟ್ಟಳು. ಕತೆ ಬರೆಯುವವರಿಗೂ ಅಷ್ಟು ಧೈರ್ಯ ಇರಲಿಲ್ಲ.

ಎರಡನೇ ವಾರ ಎರಡನೇ ಮಾಳಿಗೆಯವನಿಗೆ ಜ್ವರ. ರಜೆ ಹಾಕಿ ಮಲಗಿದ್ದ. ತಾಗಬಾರದೆಂದು ಮಕ್ಕಳನ್ನು ನನ್ನ ಬಳಿಯೇ ಬಿಟ್ಟಿದ್ದ. ಅವತ್ತು ಅವನ ಊರಿನ ಇಗರ್ಜಿಯ ಹಬ್ಬ, ಸಂಜೆಯ ಬಲಿಪೂಜೆ ಟಿವಿಯಲ್ಲಿ ನೇರ ಬರುತ್ತಿತ್ತು. ಇಲ್ಲಿ ಆಗ ಮೂರು ಗಂಟೆ. ಅವನು ಹೊದಿಕೆ ಹೊದ್ದು ಟಿವಿಯ ಎದುರು ಮೊಣಕಾಲೂರಿದ್ದನಂತೆ. ಪಾದ್ರಿ ಎರಡೂ ಕೈ ಮೇಲೆತ್ತುವ ಹೊತ್ತಿಗೆ ಸರಿಯಾಗಿ, ಇತ್ತ ನನ್ನ ಟಿವಿಯಲ್ಲಿ ಬೇರೊಂದು ಚಾನೆಲಿನಲ್ಲಿ ಒಬ್ಬಳು ಪೋಲೀಸಿನವನ ಕೊರಳಿಗೆ ಬಿದ್ದಳು. ನಾನು ಒತ್ತಿದೆ.

ಅವನು ಹೊದಿಕೆಯಲ್ಲೇ ಮೇಲೆ ಬಂದ.

"ಬಾಯಮ್ಮ, ಪೂಜೆಯ ನಡುವೆ ಒಂಟೆ."

"ಆ ಕಡೆ ಒಬ್ಬಳು ಪೋಲೀಸಿನವನಿಗೆ ಕೊಡ್ತಾ ಇದ್ದಳು. ನಿನ್ನ ಪೂಜೆ ಮುಗಿಯುವವರೆಗೆ ಬಿಡಬೇಕಿತ್ತಾ?"

"ಪೂಜೆಗೂ ಅದಕ್ಕೂ ಎಂತ ಸಂಬಂಧ?"

"ಕಾನೂನು ನಿನ್ನದು, ಬಾಕ್ಸ್ ಬ್ಯಾರಿಗಳದ್ದು. ನನ್ನದು ಬೆರಳು ಮಾತ್ರ."

ಅಷ್ಟರಲ್ಲಿ ಅವನ ಹೆಂಡತಿ ಬಾಗಿಲಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್. ಗಂಡನಿಗೆ ಜ್ವರವೆಂದು ಬೇಗ ಹೊರಟು ಬಂದಿದ್ದಳು, ಯೂನಿಫಾರ್ಮ್ ಕೂಡ ತೆಗೆದಿರಲಿಲ್ಲ. ಗಂಡ ಹೊದಿಕೆಯಲ್ಲಿ, ಗೋಡೆಯ ಟಿವಿಯಲ್ಲಿ ಒಂಟೆ, ಮಕ್ಕಳು "ಹೂ ಕಿಸ್ಡ್" ಎಂದು ಕೂಗುವುದು, ಎಲ್ಲವನ್ನೂ ಒಂದು ಸಲ ನೋಡಿದಳು.

"ಇದೆಲ್ಲ ಸಾಕು," ಎಂದ ಅವನು. "ನಾಳೆಯಿಂದ ಮಕ್ಕಳು ಇಲ್ಲಿಗೆ ಬರುವುದೇ ಬೇಡ."

ನಾನು ರಿಮೋಟನ್ನು ಅವನ ಮುಂದೆ ನೆಲದಲ್ಲಿಟ್ಟೆ. ಹೆಂಡತಿ ಅದನ್ನು ಹೆಕ್ಕಿ ಬಾಕ್ಸುಗಳ ಮೇಲಿಟ್ಟಳು.

"ಬಾರದೆ ಎಲ್ಲಿಗೆ ಹೋಗ್ತಾರೆ? ನಿಮ್ಮ ಆಫೀಸಿಗಾ, ನನ್ನ ವಾರ್ಡಿಗಾ?" ಎಂದು ಕೇಳಿದಳು. ಜಗಳದ ಸ್ವರವಲ್ಲ, ರೋಗಿಗೆ ಮಾತ್ರೆ ಹೇಳುವ ಸ್ವರ. "ಮಗ ಎಂತ ಕೇಳಿದ್ದು? ಗಂಡ ಹೆಂಡತಿಗೆ ಯಾಕೆ ಮುತ್ತು ಕೊಡುವುದಿಲ್ಲ ಅಂತ. ಅವನಿಗೆ ಒಂದು ಉತ್ತರ ಕೊಟ್ಟಿದ್ದರೆ ಆಗ್ತಿತ್ತು. ನೀವು ಅದು ಬಿಟ್ಟು ಇಡೀ ಬಿಲ್ಡಿಂಗಿಗೆ ಒಂಟೆ ತೋರಿಸಿದ್ರಿ."

ಅವನು ನನ್ನನ್ನು ನೋಡಿದ. ನಾನು ಒಂಟೆಯನ್ನು ನೋಡಿದೆ.

"ಮಕ್ಕಳು ನಾಳೆಯೂ ಇಲ್ಲಿಯೇ. ಖಲಾಸ್," ಎಂದು ಅವಳು ಅವನನ್ನು ಇಳಿಸಿಕೊಂಡು ಹೋದಳು.

ಅಂದೇ ಸಂಜೆ ಬ್ಯಾರಿ ಬಾಕ್ಸ್‌ಗಳನ್ನು ಕೆಳಗೆ ಒಯ್ದರು. ಕಾನೂನನ್ನು ರದ್ದು ಮಾಡಲು ಯಾರೂ ಸಭೆ ಸೇರಲಿಲ್ಲ. ಊಟದ ಹೊತ್ತಿಗೆ ನಾನು ಈಗ ಕಾರ್ಟೂನ್ ಹಾಕುತ್ತೇನೆ. ಅದರಲ್ಲೂ ಒಂದು ಬೆಕ್ಕು ಇನ್ನೊಂದು ಬೆಕ್ಕಿಗೆ ಕೊಡುತ್ತದೆ. ಬೆಕ್ಕಿಗೆ ಕಾನೂನು ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಿಲ್ಲ.

ಮೂರು ದಿನ ಬಿಟ್ಟು, ಜ್ವರ ಇಳಿದು ರಜೆ ಮುಗಿಯುವ ಮೊದಲು, ಅವನೇ ಮಕ್ಕಳನ್ನು ಬಸ್ಸಿನಿಂದ ಇಳಿಸಿ ತಂದ. ಬಾಗಿಲಲ್ಲಿ ಅವರ ಚೀಲ ನನ್ನ ಕೈಗೆ ಕೊಟ್ಟ.

"ಬಾಯಮ್ಮ, ಸ್ವಲ್ಪ ನೋಡ್ಕೊಳ್ಳಿ."

"ಟಿವಿಯನ್ನಾ, ಮಕ್ಕಳನ್ನಾ?"

"ಮಕ್ಕಳನ್ನು," ಎಂದ.

ಅದು ನನಗೆ ಬರುವ ಕೆಲಸ. ಒಳಗೆ ಕರೆದು ಕೈ ತೊಳೆಸಿದೆ.